ಹಳೆ ರೈಡಿಂಗ್ ಮೋವರ್‌ಗೆ ಪಾರ್ಟ್ ಬೇಕಾ? ಮೊದಲು ಸೀಟ್ ಎತ್ತಿ ನೋಡಿ, ಆಮೇಲೆ ಈ ಕೌಂಟರ್‌ಗೆ ಹೋಗಿ

ನಾರ್ತ್ ಕ್ಯಾರೊಲಿನಾದ ರಾಲೀ ಸುತ್ತಮುತ್ತ ದೊಡ್ಡ ಅಂಗಳದ ಮನೆ ತಗೊಂಡಿರುವ ಕನ್ನಡದವರು ಈಗ ಸುಮಾರು ಜನ ಇದ್ದೀರಿ. ಎಷ್ಟೋ ಮನೆಗಳಲ್ಲಿ ಹಿಂದಿನ ಮಾಲೀಕರು ಶೆಡ್‌ನಲ್ಲಿ ಹಳೆ ರೈಡಿಂಗ್ ಮೋವರ್ (ಕೂತು ಓಡಿಸುತ್ತಾ ಹುಲ್ಲು ಕತ್ತರಿಸುವ ಗಾಡಿ) ಬಿಟ್ಟು ಹೋಗಿರುತ್ತಾರೆ. ಅದನ್ನು ಗುಜರಿಗೆ ಹಾಕುವ ಮುಂಚೆ ಇದನ್ನು ಓದಿ.

ಊರಿನ ಹೊರಗೆ ಹೈವೇ ಪಕ್ಕ ಸಣ್ಣ ಎಂಜಿನ್ ರಿಪೇರಿ ಮಾಡುವ ಅಂಗಡಿ ಒಂದಿದೆ. ತಗಡಿನ ಶೆಡ್ಡು, ಮುಂದೆ ಸಾಲಾಗಿ ನಿಂತ ಮೋವರ್‌ಗಳು, ಒಳಗೆ ಉದ್ದದ ಪಾರ್ಟ್ಸ್ ಕೌಂಟರ್. ಆ ಕೌಂಟರ್‌ಗೆ ನಾನು ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ. ಕಾರಣ ಒಂದೇ. ಅಲ್ಲಿ ದುಡ್ಡು ಕೇಳುವ ಮುಂಚೆ ಗಾಡಿಯ ಮಾಡೆಲ್ ನಂಬರ್ ಕೇಳುತ್ತಾರೆ.

ನಮ್ಮದು ಕ್ರಾಫ್ಟ್ಸ್‌ಮನ್ ಎಲ್‌ಟಿ 1000, ಎರಡು ಬ್ಲೇಡಿನ 42 ಇಂಚಿನ ಡೆಕ್ (ಗಾಡಿ ಕೆಳಗೆ ಬ್ಲೇಡ್ ಇರುವ ತಗಡಿನ ಭಾಗ). ಎಂಜಿನ್ ಚೆನ್ನಾಗಿ ಓಡುತ್ತಿತ್ತು, ಆದರೆ ಬ್ಲೇಡ್ ಚಾಲೂ ಮಾಡಿದ ಕೂಡಲೇ ಡೆಕ್ ಕೆಳಗಿಂದ ಕರಕರ ಸದ್ದು, ಜೊತೆಗೆ ಹುಲ್ಲು ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ. ಬ್ಲೇಡ್ ತಿರುಗಿಸುವ ಬೆಲ್ಟ್ ಅಂಚು ಬಿಟ್ಟು ನಾರು ನಾರಾಗಿತ್ತು. ಮೊದಲು ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಬೆಲ್ಟ್ ತರಿಸಿದೆ. 'ಎಲ್ಲಾ ಎಲ್‌ಟಿ 1000ಕ್ಕೂ ಆಗುತ್ತದೆ' ಎಂದು ದಪ್ಪ ಅಕ್ಷರದಲ್ಲಿ ಹಾಕಿಕೊಂಡಿದ್ದರು. ಬಂದ ಬೆಲ್ಟ್ ಪುಲ್ಲಿಗಳ ಮೇಲೆ ಕೂರಲೇ ಇಲ್ಲ. ವಾಪಸ್ ಕಳಿಸೋಣ ಎಂದರೆ ಕೊರಿಯರ್ ಖರ್ಚು ನನ್ನದೇ ಅಂತೆ. ಹೀಗೆ ಬರೆದು ಮಾರುವುದು ಸರಿಯಲ್ಲ. ಬಾನೆಟ್ ಮೇಲೆ ಎಲ್‌ಟಿ 1000 ಎಂದು ಇರುವ ಗಾಡಿಗಳು ಒಂದೇ ಥರ ಅಲ್ಲವೇ ಅಲ್ಲ. ಅದೇ ಹೆಸರಿನಲ್ಲಿ ಬೇರೆ ಬೇರೆ ವರ್ಷ ಬೇರೆ ಬೇರೆ ಎಂಜಿನ್, ಬೇರೆ ಗೇರ್‌ಬಾಕ್ಸ್ ಹಾಕಿ ಮಾರಿದ್ದಾರೆ. ಮಾರುವವರಿಗೆ ಇದು ಗೊತ್ತಿರಬೇಕು ಅಲ್ವಾ?

ಇದಾದ ಮೇಲೆ ಈ ಅಂಗಡಿಗೆ ಹೋದೆ. ಕೌಂಟರ್‌ನಲ್ಲಿ ವಯಸ್ಸಾದ ಅಮೆರಿಕನ್ ಒಬ್ಬರು ಇರುತ್ತಾರೆ, ಮೊಣಕೈವರೆಗೂ ಗ್ರೀಸು. ಎಲ್‌ಟಿ 1000 ಎಂದ ಕೂಡಲೇ ಕೈ ಅಡ್ಡ ಹಿಡಿದು, "ಅದು ಹೆಸರು. ಸೀಟ್ ಕೆಳಗಿನ ನಂಬರ್ ಹೇಳಿ," ಎಂದರು.

ಸೀಟನ್ನು ಮುಂದಕ್ಕೆ ಮಡಚಿದರೆ ಕೆಳಗಿನ ತಗಡಿನ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಹಳೆ ಗಾಡಿಯಲ್ಲಿ ಅದು ಬಿಸಿಲಿಗೆ ಬಿಳಚಿಕೊಂಡು, ಮೇಲೆ ಎಣ್ಣೆ ಜಿಡ್ಡು ಮೆತ್ತಿಕೊಂಡಿರುತ್ತದೆ. ಗಟ್ಟಿಯಾಗಿ ಉಜ್ಜಬೇಡಿ, ಅಂಕಿಗಳೇ ಎದ್ದು ಬಂದುಬಿಡುತ್ತವೆ. ಒದ್ದೆ ಬಟ್ಟೆಯಲ್ಲಿ ಸೋಪಿನ ನೀರು ಹಾಕಿ ಮೆತ್ತಗೆ ಒರೆಸಿ, ಫೋನ್ ಟಾರ್ಚನ್ನು ಒಂದು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ನೇರ ಬೆಳಕಿಗೆ ಕಾಣದ ಅಂಕಿ ಓರೆ ಬೆಳಕಿಗೆ ಕಾಣುತ್ತದೆ. ನನ್ನದರಲ್ಲಿ ಕೊನೆಯ ಅಂಕಿ ಮೂರೋ ಎಂಟೋ ಎಂಬ ಅನುಮಾನ ಹೀಗೇ ಪರಿಹಾರ ಆಯಿತು.

ಆ ನಂಬರ್‌ನಲ್ಲಿ ಮೊದಲ ಮೂರು ಅಂಕಿ, ಆಮೇಲೆ ಚುಕ್ಕಿ, ಆಮೇಲೆ ಉಳಿದದ್ದು. ಆ ಮೊದಲ ಮೂರು ಅಂಕಿಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಸಿಯರ್ಸ್ ಎಂಬ ಅಮೆರಿಕದ ದೊಡ್ಡ ಅಂಗಡಿ ಕಂಪನಿ ಕ್ರಾಫ್ಟ್ಸ್‌ಮನ್ ಹೆಸರಿನಲ್ಲಿ ಮೋವರ್ ಮಾರಿತೇ ಹೊರತು ತಾನೇ ತಯಾರಿಸಲಿಲ್ಲ. ಬೇರೆಯವರ ಹತ್ತಿರ ಮಾಡಿಸಿ ತನ್ನ ಹೆಸರು ಅಂಟಿಸುತ್ತಿತ್ತು. ಯಾರು ಮಾಡಿದ್ದು ಎಂಬುದಕ್ಕೆ ಆ ಮೂರು ಅಂಕಿಯೇ ಗುರುತು. 917 ಇದ್ದರೆ ಮೊದಲು ರೋಪರ್, ಆಮೇಲೆ ಎವೈಪಿ (ಅಮೆರಿಕನ್ ಯಾರ್ಡ್ ಪ್ರಾಡಕ್ಟ್ಸ್), ಈಗಿನ ಲೆಕ್ಕದಲ್ಲಿ ಹಸ್ಕ್ವರ್ನಾ. 247 ಇದ್ದರೆ ಎಂಟಿಡಿ. 502 ಇದ್ದರೆ ಮರ್ರೆ. ಮರ್ರೆ ಕಂಪನಿ 2004ರಲ್ಲಿ ದಿವಾಳಿಯಾಯಿತು, ಹಾಗಾಗಿ ಆ ಗಾಡಿಗಳಿಗೆ ಪಾರ್ಟ್ ಹುಡುಕುವುದು ಸ್ವಲ್ಪ ಕಷ್ಟ. ಸಿಯರ್ಸ್ ಕೂಡ 2017ರಲ್ಲಿ ಕ್ರಾಫ್ಟ್ಸ್‌ಮನ್ ಹೆಸರನ್ನೇ ಸ್ಟಾನ್ಲಿ ಬ್ಲ್ಯಾಕ್ ಆಂಡ್ ಡೆಕರ್‌ಗೆ ಮಾರಿ, 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ಈಗ ದೊಡ್ಡ ಅಂಗಡಿಗಳಲ್ಲಿ ನಿಂತಿರುವ ಕೆಂಪು ಕ್ರಾಫ್ಟ್ಸ್‌ಮನ್ ನೋಡಿ, ಅದರ ಬೆಲ್ಟ್ ನಮ್ಮ ಹಳೆಯದಕ್ಕೂ ಆಗಬಹುದು ಅಂದುಕೊಳ್ಳಬೇಡಿ. ಹೆಸರು ಒಂದೇ, ಒಳಗೆಲ್ಲಾ ಬೇರೆ.

ನಮ್ಮದು 917. ಅವರು ಕಂಪ್ಯೂಟರ್‌ನಲ್ಲಿ ಡೆಕ್‌ನ ಚಿತ್ರ ತೆಗೆದು, ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಒಂದೊಂದು ಬೋಲ್ಟು, ವಾಷರ್ ಸಹಿತ ಬಿಡಿಬಿಡಿಯಾಗಿ ಬರೆದ ಚಿತ್ರ, ಪ್ರತಿಯೊಂದಕ್ಕೂ ನಂಬರ್. ಇದೇ ಚಿತ್ರ ಸಿಯರ್ಸ್ ಪಾರ್ಟ್ಸ್ ಡೈರೆಕ್ಟ್ ಸೈಟ್‌ನಲ್ಲಿ ದುಡ್ಡು ಕೊಡದೇ ನೋಡಬಹುದು, ನೋಡಿಕೊಂಡೇ ಹೋಗಿ. ನಮ್ಮ ಡೆಕ್ ಬೆಲ್ಟ್ 144959. ಅರ್ಧ ಇಂಚು ಅಗಲ, ಸುಮಾರು 95 ಇಂಚು ಉದ್ದ. ಬ್ಲೇಡ್ ತಿರುಗುವ ಕಂಬ, ಅಂದರೆ ಮ್ಯಾಂಡ್ರೆಲ್, 130794.

ಈ ನಂಬರ್‌ಗಳ ವಿಷಯದಲ್ಲಿ ಅವರು ಹೇಳಿಕೊಟ್ಟ ಒಂದು ಮಾತು ತುಂಬಾ ಉಪಯೋಗಕ್ಕೆ ಬಂತು. ಎವೈಪಿಯ ಹಳೆ ನಂಬರ್‌ಗಳಿಗೆಲ್ಲ ಹಸ್ಕ್ವರ್ನಾ ಮುಂದೆ 532 ಸೇರಿಸಿತು. ಹಾಗಾಗಿ 130794 ಎಂದು ಹುಡುಕಿ ಸಿಗದಿದ್ದರೆ 532130794 ಎಂದು ಹುಡುಕಿ, ಅದೇ ಸಾಮಾನು. ಕೆಲವು ಕಡೆ ನಡುವೆ ಜಾಗ ಬಿಟ್ಟು, ಗೆರೆ ಎಳೆದು ಬರೆದಿರುತ್ತಾರೆ, ಆಗಲೂ ಅದೇ. 'ಈ ಪಾರ್ಟ್ ಈಗ ಬರಲ್ಲ' ಎಂದು ಒಂದು ಕಡೆ ತೋರಿಸಿದರೆ ಗಾಬರಿ ಬೇಡ. ಎಷ್ಟೋ ಸಲ ಅದರ ಜಾಗಕ್ಕೆ ಹೊಸ ನಂಬರ್ ಬಂದಿರುತ್ತದೆ, ಅಷ್ಟೇ.

ಹಳೆ ಬೆಲ್ಟನ್ನು ಟೇಪ್ ಹಿಡಿದು ಅಳೆದು, ಅದೇ ಉದ್ದದ್ದು ತರುವವರೂ ಇದ್ದಾರೆ. ಬೇಡ. ಸವೆದ ಬೆಲ್ಟ್ ಎಳೆದುಕೊಂಡಿರುತ್ತದೆ, ಆ ಅಳತೆಗೆ ತಂದರೆ ಹೊಸದೂ ಮೊದಲ ದಿನದಿಂದಲೇ ಸಡಿಲ. ಕಾರ್ ಬಿಡಿಭಾಗದ ಅಂಗಡಿಯಲ್ಲಿ 4ಎಲ್ 950 ಎಂದು ಬರೆದ ಸಾದಾ ಬೆಲ್ಟ್ ಸಿಗುತ್ತದೆ. 4ಎಲ್ ಅಂದರೆ ಅರ್ಧ ಇಂಚು ಅಗಲ, 950 ಅಂದರೆ 95 ಇಂಚು. ಅಳತೆ ಹತ್ತಿರ ಹತ್ತಿರ ಬಂದರೂ ಮೋವರ್ ಕೆಲಸ ಬೇರೆ. ಇಲ್ಲಿ ಬೆಲ್ಟ್ ಬೆನ್ನು ಕಡೆಯಿಂದಲೂ ಬಾಗಬೇಕು, ಬ್ಲೇಡ್ ಚಾಲೂ ಮಾಡಿ ನಿಲ್ಲಿಸಿದಾಗಲೆಲ್ಲ ಜಾರಿ ಹಿಡಿಯಬೇಕು. ಅದಕ್ಕೇ ಒಳಗೆ ಕೆವ್ಲಾರ್ ಥರದ ಗಟ್ಟಿ ನೂಲು ಹಾಕಿದ ಬೆಲ್ಟ್ ಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆ ಪಾರ್ಟ್ ಕೈಯಲ್ಲಿ ಹಿಡಿದುಕೊಂಡು ಹೋಗಿ 'ಇಂಥದ್ದೇ ಒಂದು ಕೊಡಿ' ಎಂದರೆ ಕೆಲಸ ಆಗುತ್ತದಲ್ಲ, ಇಲ್ಲೂ ಅದು ನಡೆಯುತ್ತದೆ, ಆದರೆ ಜೊತೆಗೆ ನಂಬರೂ ಇರಬೇಕು. ಯಾಕೆಂದರೆ ಹಿಂದಿನ ಮಾಲೀಕರು ಏನು ಬದಲಾಯಿಸಿದ್ದಾರೆ ಅಂತ ನಮಗೆ ಗೊತ್ತಿರುವುದಿಲ್ಲ. ಸೀಟ್ ಕೆಳಗೆ ಒಂದು ಇರುತ್ತದೆ, ಡೆಕ್ ಬೇರೆ ಗಾಡಿಯಿಂದ ತಂದು ಹಾಕಿದ್ದಿರುತ್ತದೆ. ಆದ್ದರಿಂದ ಬಿಚ್ಚಿದ ಪಾರ್ಟನ್ನೂ ತೆಗೆದುಕೊಂಡು ಹೋಗಿ. ಬಿಚ್ಚುವ ಮುಂಚೆ ಸ್ಪಾರ್ಕ್ ಪ್ಲಗ್ ವೈರ್ ಕಿತ್ತು ಪಕ್ಕಕ್ಕಿಡಿ, ಬ್ಲೇಡ್ ಮೇಲೆ ಕೈ ಇರುವಾಗ ಎಂಜಿನ್ ತಿರುಗಬಾರದು.

ನಾನು ಬಿಚ್ಚಿಕೊಂಡು ಹೋಗಿದ್ದ ಎರಡೂ ಮ್ಯಾಂಡ್ರೆಲ್‌ಗಳನ್ನು ಅವರು ಕೌಂಟರ್ ಮೇಲೆ ನಿಲ್ಲಿಸಿ, ಶಾಫ್ಟ್ ಹಿಡಿದು ಮೆಲ್ಲಗೆ ತಿರುಗಿಸಿದರು. ಒಂದರಲ್ಲಿ ಮರಳು ಅರೆದಂಥ ಸದ್ದು. ಆದರೆ ಅದರ ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿ ಎಲ್ಲೂ ಬಿರುಕಿಲ್ಲ. "ಇದಕ್ಕೆ ಬೇರಿಂಗ್ ಮಾತ್ರ ಸಾಕು," ಎಂದರು. ಇನ್ನೊಂದರಲ್ಲಿ ಬೋಲ್ಟು ಕೂರುವ ತೂತುಗಳ ಮರೆಯೇ (ಥ್ರೆಡ್) ಸವೆದು ಹೋಗಿತ್ತು, ಅದಕ್ಕೆ ಪೂರ್ತಿ ಹೊಸದು ಹಾಕಿ ಎಂದರು. ಎರಡೂ ಹೊಸದು ತಗೊಳ್ಳಿ ಎಂದಿದ್ದರೂ ನಾನು ಸುಮ್ನೆ ತಗೊಂಡು ಬರುತ್ತಿದ್ದೆ. ಅವರು ಹಾಗೆ ಮಾಡಲಿಲ್ಲ. ಈ ಅಂಗಡಿಯ ಮೇಲೆ ನನಗೆ ನಂಬಿಕೆ ಬಂದದ್ದು ಅಲ್ಲಿ.

ಒರಿಜಿನಲ್ ಬೇಕೋ ಬೇರೆ ಕಂಪನಿಯದ್ದು ಸಾಕೋ ಎಂದೂ ಕೇಳುತ್ತಾರೆ. ಸ್ಟೆನ್ಸ್, ರೋಟರಿ, ಓರೆಗನ್ ಈ ಮೂರರ ಮಾಲು ಅಲ್ಲಿ ಇರುತ್ತದೆ, ಒರಿಜಿನಲ್‌ಗಿಂತ ಸಾಕಷ್ಟು ಅಗ್ಗ. ಬ್ಲೇಡು, ಪುಲ್ಲಿ, ಫಿಲ್ಟರ್ ಇವಕ್ಕೆಲ್ಲ ಅವು ಧಾರಾಳ ಸಾಕು. ಬೆಲ್ಟ್ ಮಾತ್ರ ನಾನು ಒರಿಜಿನಲ್ಲೇ ತಗೊಂಡೆ, ಮತ್ತೆ ಆ ಡೆಕ್ ಬಿಚ್ಚುವ ಕೆಲಸ ಬೇಡ ಎಂದು.

ದಾವಣಗೆರೆ ಕಡೆಯ ಗೆಳೆಯರೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರದೂ ಕ್ರಾಫ್ಟ್ಸ್‌ಮನ್, ಅದೂ 42 ಇಂಚು. "ನಿಮ್ಮದಕ್ಕೆ ತಂದ ಬ್ಲೇಡೇ ನಮ್ಮದಕ್ಕೂ ಆಗುತ್ತಲ್ವಾ, ಒಟ್ಟಿಗೇ ತಂದುಬಿಡಿ ಸಾರ್," ಎಂದಿದ್ದರು. "ಮೊದಲು ಸೀಟ್ ಎತ್ತಿ ನಂಬರ್ ಕಳಿಸಿ," ಎಂದೆ. ನೋಡಿದರೆ 247! ನಮ್ಮ ಬ್ಲೇಡಿನ ನಡುವಿನ ತೂತು ಐದು ಮೂಲೆಯ ನಕ್ಷತ್ರ, ಅವರ ಎಂಟಿಡಿ ಬ್ಲೇಡಿನದು ಆರು ಮೂಲೆಯದು. ಕೌಂಟರ್ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಉದ್ದ ಹೆಚ್ಚು ಕಡಿಮೆ ಒಂದೇ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವ ಮಾತೇ ಇಲ್ಲ.

ಎಂಜಿನ್ ಪಾರ್ಟ್ ಬೇಕಾದರೆ ಸೀಟ್ ಕೆಳಗಿನ ನಂಬರ್ ಸಾಲದು. ಎಂಜಿನ್‌ಗೆ ಬೇರೆಯದೇ ನಂಬರ್ ಇದೆ. ಬ್ರಿಗ್ಸ್ ಆಂಡ್ ಸ್ಟ್ರಾಟನ್ ಆದರೆ ಎಂಜಿನ್ ಮೇಲಿನ ಕವಚದ ಮೇಲೋ ವಾಲ್ವ್ ಕವರ್ ಮೇಲೋ ಮಾಡೆಲ್, ಟೈಪ್, ಕೋಡ್ ಎಂದು ಮೂರು ಸಾಲು ಲೋಹದಲ್ಲೇ ಒತ್ತಿರುತ್ತಾರೆ. ಮೂರನ್ನೂ ಬರೆದುಕೊಳ್ಳಿ. ಮಾಡೆಲ್ 31 ಎಂದು ಶುರುವಾದರೆ 31 ಘನ ಇಂಚಿನ ಎಂಜಿನ್, ನಮ್ಮ ಲೆಕ್ಕದಲ್ಲಿ ಸುಮಾರು 500 ಸಿಸಿ. ಕೋಡ್ ಅಂದರೆ ಎಂಜಿನ್ ತಯಾರಾದ ದಿನ. 040315 ಎಂದು ಶುರುವಾದರೆ 2004ನೇ ವರ್ಷ, ಮಾರ್ಚ್ 15. ಒಂದೇ ಮಾಡೆಲ್‌ನ ಎಂಜಿನ್‌ಗೂ ಟೈಪ್ ಬೇರೆಯಾದರೆ ಕಾರ್ಬುರೇಟರ್ ಬೇರೆಯಾಗಬಹುದು, ಅದಕ್ಕೇ ಟೈಪ್ ಬಿಡಬೇಡಿ. ಟೆಕಮ್ಸೆ ಎಂಜಿನ್ ಇದ್ದರೆ ಸ್ವಲ್ಪ ಯೋಚನೆ ಮಾಡಿ ದುಡ್ಡು ಹಾಕಿ, ಆ ಕಂಪನಿ 2008ರಲ್ಲೇ ಎಂಜಿನ್ ಮಾಡುವುದು ನಿಲ್ಲಿಸಿತು. ಅಂಗಡಿಯವರು ಇದನ್ನೂ ಮುಚ್ಚಿಡದೆ ಹೇಳುತ್ತಾರೆ.

ಕೊರತೆ ಇಲ್ಲವೇ ಎಂದರೆ ಇದೆ. ಫೋನ್ ಎತ್ತುವುದು ಅಪರೂಪ. ಶನಿವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಾರೆ, ಭಾನುವಾರ ರಜೆ, ಹಾಗಾಗಿ ಆಫೀಸಿಗೆ ಹೋಗುವವರಿಗೆ ಕಷ್ಟ. ಎಲೆಕ್ಟ್ರಿಕಲ್ ಪಾರ್ಟ್ ಒಮ್ಮೆ ತಗೊಂಡರೆ ವಾಪಸ್ ಇಲ್ಲ. ಸ್ವಿಚ್, ಸೊಲೆನಾಯ್ಡ್ (ಸ್ಟಾರ್ಟರ್‌ಗೆ ಕರೆಂಟ್ ಬಿಡುವ ಪಾರ್ಟ್) ತಗೊಳ್ಳುವ ಮುಂಚೆ ಹಳೆಯದನ್ನು ಮೀಟರ್ ಹಿಡಿದು ಪರೀಕ್ಷೆ ಮಾಡಿಕೊಂಡು ಹೋಗಿ. ಬೆಲೆಯೂ ಆನ್‌ಲೈನ್‌ಗಿಂತ ಸ್ವಲ್ಪ ಜಾಸ್ತಿ. ಆದರೆ ತಪ್ಪು ಬೆಲ್ಟ್ ಕಳಿಸಿ ಕೈ ತೊಳೆದುಕೊಂಡವರ ಅಗ್ಗದ ರೇಟು ನನಗೆ ಬೇಡ. ಇಂಥದ್ದೇ ಹೊಸ ಗಾಡಿಗೆ ಎರಡು ಸಾವಿರ ಡಾಲರ್ ಆಸುಪಾಸು ಆಗುತ್ತದೆ. ಬೆಲ್ಟು, ಬೇರಿಂಗು, ಒಂದು ಮ್ಯಾಂಡ್ರೆಲ್, ಎರಡು ಬ್ಲೇಡು ಎಲ್ಲಾ ಸೇರಿದರೂ ಅದರ ಹತ್ತನೇ ಒಂದು ಭಾಗದ ಹತ್ತಿರ ಬರುತ್ತದೆ. ಗಾಡಿ ಈಗ ಸದ್ದಿಲ್ಲದೆ, ಹುಲ್ಲನ್ನು ಎರಡೂ ಕಡೆ ಸಮನಾಗಿ ಕತ್ತರಿಸುತ್ತಿದೆ. ಇನ್ನೂ ಎಷ್ಟೋ ವರ್ಷ ಓಡುವ ಗಾಡಿಯನ್ನು ಒಂದು ಬೆಲ್ಟ್ ಸಿಗಲಿಲ್ಲ ಎಂದು ಎಸೆಯುವುದನ್ನು ನೋಡಿದರೆ ನಿಜವಾಗಲೂ ಹೊಟ್ಟೆ ಉರಿಯುತ್ತದೆ.

ಹೋಗುವವರು ಮಾರ್ಚ್ ಮೊದಲ ವಾರದೊಳಗೆ ಹೋಗಿಬಿಡಿ. ಏಪ್ರಿಲ್‌ನಲ್ಲಿ ನಮ್ಮ ಕಡೆಯ ಫೆಸ್ಕ್ಯೂ ಹುಲ್ಲು ಒಂದೇ ಸಮನೆ ಎದ್ದಾಗ ಊರಿಗೆ ಊರೇ ಅಲ್ಲಿಗೆ ಬರುತ್ತದೆ, ಸರತಿ ಬಾಗಿಲಾಚೆ ಇರುತ್ತದೆ, 917ರ ಬೆಲ್ಟುಗಳೇ ಮೊದಲು ಖಾಲಿಯಾಗುತ್ತವೆ.