ಹೊಲೋಗ್ರಾಂ ಪ್ರಾಜೆಕ್ಟಿಗೆ ಹರಳೋ, ಪಾಲಿಮರೋ?

ಕಾರವಾರದಲ್ಲಿ ಕೂತು ಹೊಲೋಗ್ರಾಂ ಪ್ರಾಜೆಕ್ಟ್ ಮಾಡ್ತೀರಾ? ಹೊಲೋಗ್ರಾಂ, ಅಂದರೆ ಬೆಳಕಿನಿಂದ ದಾಖಲಿಸುವ 3ಡಿ ಚಿತ್ರ, ಬರೆಯಲು ಫೋಟೋರಿಫ್ರಾಕ್ಟಿವ್ ಹರಳನ್ನೋ ಪಾಲಿಮರನ್ನೋ ಬಳಸಬಹುದು. ಎರಡರ ಕೆಲಸವೂ ಒಂದೇ. ಬೆಳಕು ಬಿದ್ದಲ್ಲಿಂದ ಚಾರ್ಜ್ ಸರಿದು ವಕ್ರೀಭವನ (ಬೆಳಕು ಬಾಗುವ ಪ್ರಮಾಣ) ಬದಲಾಗುತ್ತದೆ. ಹೀಗೆ ಬರೆದದ್ದನ್ನು ಬೆಳಕಿನಿಂದಲೇ ಅಳಿಸಬಹುದು.

ಲಿಥಿಯಂ ನಯೋಬೇಟ್ ಹರಳಿನಲ್ಲಿ ಇದು ಕಂಡದ್ದು 1966ರಲ್ಲಿ. ದುಬಾರಿ, ನಿಧಾನ. ಆದರೆ ಹೊರಗಿನ ವೋಲ್ಟೇಜ್ ಬೇಡ, ಕತ್ತಲಲ್ಲಿಟ್ಟರೆ ಬರೆದದ್ದು ಬಹಳ ಕಾಲ ಉಳಿಯುತ್ತದೆ.

ಪಾಲಿಮರ್ ಬಂದದ್ದು 1991ರಲ್ಲಿ. ಪಿವಿಕೆ ಎಂಬ ಪ್ಲಾಸ್ಟಿಕ್‌ಗೆ ಬಣ್ಣದ ಅಣು, ಚೂರು ಸಿ60 (ಚೆಂಡಿನಾಕಾರದ ಇಂಗಾಲದ ಅಣು) ಬೆರೆಸಿ, ಎರಡು ಐಟಿಒ (ವಿದ್ಯುತ್ ಹರಿಯುವ ಪಾರದರ್ಶಕ ಲೇಪ) ಗಾಜಿನ ನಡುವೆ ಬಿಸಿಯಲ್ಲಿ ಒತ್ತಿದರೆ ಫಿಲ್ಮ್ ರೆಡಿ. ಅಗ್ಗ, ಅಗಲವಾಗಿಯೂ ಮಾಡಬಹುದು. ಅರಿಜೋನಾದಲ್ಲಿ ಚಿತ್ರ ಬದಲಿಸಬಲ್ಲ 3ಡಿ ಪರದೆ ಮಾಡಿದ್ದು ಇಂಥ ಪಾಲಿಮರ್‌ನಿಂದಲೇ. ಆದರೆ ಕೂದಲೆಳೆ ದಪ್ಪದ ಫಿಲ್ಮಿಗೆ ಸಾವಿರಾರು ವೋಲ್ಟ್ ಕೊಡಬೇಕು! ನಮ್ಮ ಮಳೆಗಾಲದ ತೇವದಲ್ಲಿ ಅಂಚಿನಲ್ಲಿ ಕಿಡಿ ಹಾರಿತೋ, ಸ್ಯಾಂಪಲ್ ಹೋಯ್ತು ಅಂತಲೇ ಲೆಕ್ಕ.

ಒಂದೇ ಸೆಮಿಸ್ಟರ್ ಇದ್ದರೆ ಸುಮ್ನೆ ಹರಳು ತಗೊಳ್ಳಿ. ಪಾಲಿಮರಲ್ಲಿ ಮಜಾ ಜಾಸ್ತಿ, ಆದರೆ ಜೂನಿಗೆ ಮುಂಚೆ ಮುಗಿಸಿ.