ನಕ್ಷತ್ರದ ಹೊದಿಕೆ: ಗಾಳಿಪಟದ ಕಾಗದವೋ, ಹಳೆ ಪಂಚೆಯೋ, ಅಂಗಡಿಯ ಪ್ಲಾಸ್ಟಿಕ್ಕೋ?

ಡಿಸೆಂಬರ್ ಬಂತೆಂದರೆ ಗೋವಾದಲ್ಲಿ ಮನೆಮನೆಯ ಮುಂದೆ ಕ್ರಿಸ್‌ಮಸ್ ನಕ್ಷತ್ರ, ಅಂದರೆ ಒಳಗೆ ದೀಪವಿಟ್ಟ ನಕ್ಷತ್ರದ ಗೂಡು, ತೂಗುತ್ತದೆ. ಕಾಗದದ್ದು ಒಳ್ಳೆಯದು, ಪ್ಲಾಸ್ಟಿಕ್ಕಿನದು ಕೆಟ್ಟದ್ದು ಎಂದು ಕಣ್ಣು ಮುಚ್ಚಿ ಹೇಳಿಬಿಡಬಹುದು. ಆದರೆ ಕಡಲ ದಂಡೆಯ ಇಬ್ಬನಿ ತಡೆದುಕೊಂಡು, ನಾಲ್ಕು ತಿಂಗಳ ಮಳೆಗಾಲವನ್ನೂ ದಾಟಿ, ಮುಂದಿನ ಡಿಸೆಂಬರಿಗೆ ಮತ್ತೆ ಕೈಗೆ ಸಿಗುವುದು ಯಾವುದು? ವಾಸ್ಕೋದ ಒಂದೇ ಬಾಲ್ಕನಿಯಲ್ಲಿ ಮೂರು ನಕ್ಷತ್ರಗಳನ್ನು ಡಿಸೆಂಬರಿನ ಮೊದಲ ವಾರದಿಂದ ಜನವರಿ 6ರ ಮೂರು ರಾಜರ ಹಬ್ಬದವರೆಗೆ ತೂಗುಹಾಕಿ ನೋಡಿದ ಮೇಲೆ ಬರೆದದ್ದು ಇದು.

ಕಾಗದಕ್ಕೂ ಬಟ್ಟೆಗೂ ಚೌಕಟ್ಟು ಒಂದೇ. 60 ಸೆಂ.ಮೀ. ಉದ್ದದ ಬಿದಿರಿನ ದಬ್ಬೆ 10, 12 ಸೆಂ.ಮೀ. ಉದ್ದದ ಗಿಡ್ಡ ಕಡ್ಡಿ 5, ಗಟ್ಟಿ ಹತ್ತಿ ದಾರ. ಪ್ರತಿ ದಬ್ಬೆಯ ಎರಡೂ ತುದಿಯಿಂದ 23 ಸೆಂ.ಮೀ.ಗೆ ಪೆನ್ಸಿಲಿನಿಂದ ಗುರುತು ಹಾಕಿ. ದಬ್ಬೆಗಳು ಒಂದನ್ನೊಂದು ದಾಟಬೇಕಾದ ಜಾಗ ಅದೇ. ಬರೀ ಕಣ್ಣಳತೆಯಲ್ಲಿ ಕಟ್ಟಿದರೆ ಒಂದು ಮೂಲೆ ದಪ್ಪ, ಇನ್ನೊಂದು ಸಪೂರ. ಐದೈದು ದಬ್ಬೆ ಸೇರಿಸಿ ಎರಡು ಚಪ್ಪಟೆ ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ಐದು ತುದಿಗಳನ್ನೂ ಬಿಗಿಯಿರಿ. ಆಮೇಲೆ ಒಳಗಿನ ಐದು ಕೂಡುಗಳಲ್ಲಿ ಗಿಡ್ಡ ಕಡ್ಡಿಗಳನ್ನು ನಿಲ್ಲಿಸಿದರೆ ನಕ್ಷತ್ರ ಉಬ್ಬಿಕೊಳ್ಳುತ್ತದೆ. ದಬ್ಬೆ ಸೀಳುವಾಗ ಗೆಣ್ಣು ಆ 23ರ ಗುರುತಿನ ಹತ್ತಿರ ಬರದಂತೆ ನೋಡಿಕೊಳ್ಳಿ. ಗೆಣ್ಣು ಬಾಗುವುದಿಲ್ಲ, ಕಡ್ಡಿ ತುರುಕಿದಾಗ ತುದಿಯ ದಾರವೇ ಹರಿದುಹೋಗುತ್ತದೆ. ದೀಪಾವಳಿಯ ಆಕಾಶಬುಟ್ಟಿ ಮುರಿದು ಬಿದ್ದಿದ್ದರೆ ಅದರ ದಬ್ಬೆಯೂ ಆಗುತ್ತದೆ.

ಗಾಳಿಪಟದ ಕಾಗದದಲ್ಲಿ ಬೆಳಕು ಸೋಸಿ ಬರುವ ಚೆಂದವೇ ಬೇರೆ, ಉಳಿದ ಎರಡಕ್ಕೂ ಅದು ಬಾರದು. ಸಂಕ್ರಾಂತಿ ಹತ್ತಿರವಾದ್ದರಿಂದ ಕಾಗದಕ್ಕೆ ಹುಡುಕಾಟವೂ ಇಲ್ಲ. 50×70 ಸೆಂ.ಮೀ. ಹಾಳೆ ಮೂರು ಸಾಕು. ಮುಂದೆ ಐದು ತ್ರಿಕೋನ, ಒಂದು ಪಂಚಕೋನ; ಹಿಂದೆ ಐದು ತ್ರಿಕೋನ; ಬದಿಗಳಿಗೆ ಹತ್ತು. ಹಿಂದಿನ ಪಂಚಕೋನ ಮುಚ್ಚಬೇಡಿ, ಬಲ್ಬ್ ಹಾಕುವ ಬಾಗಿಲು ಅದೇ. ತೊಂದರೆ ಇರುವುದು ಅಂಟಿನಲ್ಲಿ. ಇಬ್ಬನಿ ಇಳಿದು ಕೆಳಗಿನ ಎರಡು ತುದಿಗಳಲ್ಲಿ ನಿಲ್ಲುತ್ತದೆ, ಅಲ್ಲಿಂದಲೇ ಮೈದಾ ಅಂಟು ಬಿಡುತ್ತ ಬರುತ್ತದೆ. ಎರಡನೇ ವಾರಕ್ಕೆ ಒಂದು ತ್ರಿಕೋನ ನಾಲಿಗೆಯ ಹಾಗೆ ಜೋತಿತ್ತು. ಜಿರಲೆಗೂ ಮೈದಾ ಎಂದರೆ ಪ್ರೀತಿ. ಹುಣಸೆಬೀಜದ ಅಂಟು ಇದಕ್ಕಿಂತ ವಾಸಿ: ಹುರಿದು ಸಿಪ್ಪೆ ತೆಗೆದ ಬೀಜವನ್ನು ನುಣ್ಣಗೆ ಪುಡಿಮಾಡಿ, ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಕುದಿಸಬೇಕು. ಆದರೂ ಈ ಕಾಗದ ಒಂದು ಹಂಗಾಮಿನದು. ಗಾಢ ಕೆಂಪು, ನೇರಳೆ ಬಣ್ಣ ನೆನೆದರೆ ಗೋಡೆಗೆ ಇಳಿಯುತ್ತದೆ ಎಂಬುದೂ ನೆನಪಿರಲಿ.

ಹಳೆ ಹತ್ತಿ ಪಂಚೆಗೆ ಒಂದು ಸಂಜೆಯ ಹೊಲಿಗೆ ಬೇಕು, ಬೆಳಕೂ ತುಸು ಮಂಕು. ಹೊಸ ಬಟ್ಟೆ ಬೇಡವೇ ಬೇಡ. ನೆನೆದು ಒಣಗಿದ ಮೇಲೆ ಅದು ಕುಗ್ಗಿ ಚೌಕಟ್ಟನ್ನೇ ಸೊಟ್ಟ ಮಾಡುತ್ತದೆ. ಹತ್ತಾರು ಸಲ ಒಗೆದದ್ದಕ್ಕೆ ಆ ರೋಗವಿಲ್ಲ. ತುಂಡುಗಳಿಗೆ ಸುತ್ತ 2 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ, ದಬ್ಬೆಗೆ ಸುತ್ತಿ ಟಾಕಾ ಹಾಕಿ. ಅಂಟು ಬಳಸಲೇಬೇಡಿ, ಹಬ್ಬ ಮುಗಿದ ಮೇಲೆ ಬಿಚ್ಚಿ ಒಗೆಯಬೇಕಲ್ಲ! ಇಬ್ಬನಿಯಲ್ಲಿ ನೆನೆದ ಬಟ್ಟೆ ಬಿಸಿಲೇರಿದಂತೆ ತಾನೇ ಒಣಗುತ್ತಿತ್ತು. ಇಡೀ ದಿನ ನೆರಳಿರುವ ಬಾಲ್ಕನಿಯಾದರೆ ಮಾತ್ರ ಕಪ್ಪು ಚುಕ್ಕೆ, ಅಂದರೆ ಬೂಸ್ಟು, ಬರುತ್ತದೆ. ಮೂರರಲ್ಲಿ ನಮ್ಮ ಆಯ್ಕೆ ಇದೇ.

ಪ್ಲಾಸ್ಟಿಕ್ ನಕ್ಷತ್ರಕ್ಕೆ ಇಬ್ಬನಿ ಲೆಕ್ಕಕ್ಕಿಲ್ಲ, ಬಿಸಿಲು ಮಾತ್ರ ಆಗದು. ಮಡಿಕೆಯಿರುವಲ್ಲೇ ಬಿಳಿಚಿಕೊಂಡು ಸೀಳುತ್ತದೆ. ಮನೆಯಲ್ಲಿ ಈಗಾಗಲೇ ಇದ್ದರೆ ಎಸೆಯದೆ, ಸೀಳಿದ ಕಡೆ ಒಳಗಿನಿಂದ ಟೇಪ್ ಹಚ್ಚಿ ಇನ್ನಷ್ಟು ವರ್ಷ ನಡೆಸಿ. ಹೊಸದನ್ನು ತರುವ ಅಗತ್ಯ ಕಾಣಲಿಲ್ಲ. ಅಲಂಕಾರದ ಥರ್ಮೊಕೋಲ್ ಅಂತೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ.

ಬಲ್ಬ್ 5 ವ್ಯಾಟಿನ ಎಲ್‌ಇಡಿ ಸಾಕು. ದಿನಕ್ಕೆ 5 ಗಂಟೆಯಂತೆ 30 ದಿನ ಉರಿದರೆ ಮುಕ್ಕಾಲು ಯೂನಿಟ್. ಹಳೆಯ 40 ವ್ಯಾಟಿನ ತಂತಿ ಬಲ್ಬಾದರೆ 6 ಯೂನಿಟ್, ಜೊತೆಗೆ ಬಿಸಿ ಮೇಲೇರಿ ಕಾಗದ ಸುಡುವ ಭಯ. ನಕ್ಷತ್ರದ ಭಾರ ವೈರಿನ ಮೇಲೆ ಬೀಳಬಾರದು, ಬೇರೆ ಹಗ್ಗ ಕಟ್ಟಿ. ಹೋಲ್ಡರಿಗೆ ಹೋಗುವ ಮೊದಲು ವೈರು ಒಮ್ಮೆ ಕೆಳಗೆ ಜೋತು ಮೇಲೇರಲಿ. ವೈರಿನಗುಂಟ ಇಳಿಯುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಉಪ್ಪುಗಾಳಿಗೆ ಹೋಲ್ಡರಿನ ಹಿತ್ತಾಳೆ ಪಿನ್ನಿಗೆ ಕಿಲುಬು ಹಿಡಿದು ದೀಪ ಮಿಣುಕುತ್ತಿದ್ದರೆ, ಪ್ಲಗ್ ತೆಗೆದು ಮರಳು ಕಾಗದದಿಂದ ಉಜ್ಜಿ.

ನಕ್ಷತ್ರದ ಜೊತೆಗೆ ಇಡುವ ಕ್ರಿಸ್‌ಮಸ್ ಮರದ ವಿಷಯ ಚಿಕ್ಕದು. ನರ್ಸರಿಯವರು ಕ್ರಿಸ್‌ಮಸ್ ಟ್ರೀ ಎಂದು ಕೊಡುವ ಅರೌಕೇರಿಯಾವನ್ನು ಕುಂಡದಲ್ಲೇ ಬೆಳೆಸಿ, ಹತ್ತು ದಿನಕ್ಕಷ್ಟೇ ಒಳಗಿಟ್ಟು ಮತ್ತೆ ಬೆಳಕಿಗೆ ತನ್ನಿ. ಕತ್ತಲಲ್ಲಿ ಒಣಗಿ ಉದುರಿದ ಕೆಳಗಿನ ರೆಂಬೆ ಮತ್ತೆ ಚಿಗುರುವುದಿಲ್ಲ. ಗಾಳಿಮರದ ಕೊಂಬೆ ಅಗ್ಗ, ಆದರೆ ವಾರದೊಳಗೆ ಕಸಬರಿಗೆ ಕೈಗೆ ಬರುತ್ತದೆ. ದಂಡೆಯ ಮರಳು ಹಿಡಿದು ನಿಂತ ಮರಗಳಿಂದ ಮುರಿದು ತರುವುದಂತೂ ಬೇಡ.

ಇನ್ನು ನಕ್ಷತ್ರದ ಚೌಕಟ್ಟನ್ನು ಮುಂದಿನ ವರ್ಷಕ್ಕೆ ಉಳಿಸುವುದು. ಬಿದಿರಿನ ಪಿಷ್ಟಕ್ಕೆ ಕುಟ್ಟೆ ಹುಳು ಬರುತ್ತದೆ. ಹಾಗಾಗಿ ದಬ್ಬೆಗಳನ್ನು ಕಟ್ಟುವ ಮೊದಲೇ ಎರಡು ವಾರ ನೀರಿನಲ್ಲಿ ಮುಳುಗಿಸಿಡಬೇಕು. ನೀರು ನಾರುತ್ತದೆ, ಎರಡು ಮೂರು ದಿನಕ್ಕೊಮ್ಮೆ ಬದಲಿಸಿ. ಪಿಷ್ಟ ನೀರಿಗೆ ಹೋದಷ್ಟೂ ಹುಳದ ಕಾಟ ಕಡಿಮೆ. ಹಬ್ಬ ಮುಗಿದ ಮೇಲೆ ಬಟ್ಟೆ ಬಿಚ್ಚಿ, ಗಿಡ್ಡ ಕಡ್ಡಿ ತೆಗೆದರೆ ನಕ್ಷತ್ರ ಚಪ್ಪಟೆಯಾಗಿ ಮಂಚದಡಿ ಹಿಡಿಯುತ್ತದೆ. ಮೇ ಬಿಸಿಲಲ್ಲಿ ಒಂದು ದಿನ ಒಣಗಿಸಿ, ಹಳೆ ಪೇಪರ್ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಆಗಸ್ಟಿನಲ್ಲಿ ಒಮ್ಮೆ ಎತ್ತಿ ನೋಡಿ: ಕೆಳಗೆ ಹಿಟ್ಟಿನಂಥ ಹಳದಿ ಪುಡಿ ಬಿದ್ದಿದ್ದರೆ ಹುಳು ಒಳಗೇ ಇದೆ. ಆ ಒಂದು ದಬ್ಬೆ ಮಾತ್ರ ಬಿಚ್ಚಿ ಬದಲಿಸಿ.