ಬೊರಿವಲಿಯ ಕಾಡೋ, ಧಾರಾವಿ ಪಕ್ಕದ ಕಾಡೋ?

ಧಾರವಾಡದಿಂದ ಅಕ್ಕನ ಮಗಳು ಬಂದಿದ್ದಳು. ಒಂಬತ್ತು ವರ್ಷದ ಹುಡುಗಿ. "ಮುಂಬೈಯಾಗ ಕಾಡು ಎಲ್ಲಿಂದ ಬರ್ಬೇಕು?" ಎಂದು ನಕ್ಕಳು. ಆ ಒಂದು ನಗೆಗಾಗಿ ಒಂದೇ ವಾರದಲ್ಲಿ ಎರಡು ಕಾಡು ಸುತ್ತಿಸಿದೆ. ಎರಡು ಕಡೆಯೂ ಆ ಕಾಡಿನ ಬಗ್ಗೆ ತಿಳಿಸಿಕೊಡುವ ಮಾಹಿತಿ ಕೇಂದ್ರಕ್ಕೆ ಹೋದೆವು.

ಮೊದಲು ಬೊರಿವಲಿ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಎಂಬುದು ಬೋರ್ಡಿನ ಮೇಲಿನ ಹೆಸರು, ಇಲ್ಲಿಯವರ ಬಾಯಲ್ಲಿ ಸುಮ್ನೆ ನ್ಯಾಷನಲ್ ಪಾರ್ಕ್. ಸೋಮವಾರ ರಜೆ. ಇದು ನನಗೆ ಗೊತ್ತಾದದ್ದು ಸೋಮವಾರ ಗೇಟಿನ ಮುಂದೆ ನಿಂತಾಗ! ಮರುದಿನ ಮತ್ತೆ ಹೋದೆವು.

ನೂರು ಚದರ ಕಿಲೋಮೀಟರಿಗೂ ಜಾಸ್ತಿ ಕಾಡು. ಮುಂಬೈಗೆ ನೀರು ಕೊಡುವ ವಿಹಾರ್, ತುಳಸಿ ಕೆರೆಗಳು ಇದರೊಳಗೇ ಇವೆ. ಗೇಟ್ ದಾಟಿದ ಜನ ಸಫಾರಿ ಟಿಕೆಟ್ಟಿನ ಕಡೆಗೋ ಕಾನ್ಹೇರಿ ಗುಹೆಗಳ ಕಡೆಗೋ ಓಡುತ್ತಾರೆ. ಮಾಹಿತಿ ಕೇಂದ್ರದ ಕಡೆ ತಿರುಗುವವರು ಕಡಿಮೆ. ಹಿಂದೆ ಎರಡು ಸಲ ನಾನೂ ಹಾಗೇ ಓಡಿದ್ದೆ.

ಈ ಸಲ ಮೊದಲು ಕೇಂದ್ರಕ್ಕೇ ಹೋದೆವು. ಲಾಭವಾಯಿತು. ಇಲ್ಲಿ ಮುಖ್ಯ ಪಾತ್ರ ಚಿರತೆ. ಕಾಡಿನಲ್ಲಿ ಅಲ್ಲಲ್ಲಿ ಕ್ಯಾಮೆರಾ ಕಟ್ಟಿ, ಫೋಟೋ ನೋಡಿ ಚಿರತೆಗಳನ್ನು ಎಣಿಸುತ್ತಾರೆ. 2018ರಲ್ಲಿ ಸಿಕ್ಕ ಲೆಕ್ಕ 47. ಒಂದರ ಮೈಮೇಲಿನ ಮಚ್ಚೆ ಇನ್ನೊಂದಕ್ಕೆ ಇರುವುದಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಇದು ತಿಳಿದ ಮೇಲೆ ಹುಡುಗಿ ಪ್ರತಿ ಚಿತ್ರದ ಮುಂದೆ ನಿಂತು ಮಚ್ಚೆ ಹೋಲಿಸತೊಡಗಿದಳು. ಕಾಡಿನಲ್ಲಿ ನಮಗೆ ಒಂದು ಬಾಲವೂ ಕಾಣಲಿಲ್ಲ, ಆದರೆ ಪ್ರತಿ ಪೊದೆಯನ್ನೂ ಬಗ್ಗಿ ನೋಡಿದೆವು. ಕೇಂದ್ರ ಬಿಟ್ಟು ನೇರ ನಡೆದಿದ್ದರೆ ಅದು ಬರೀ ಬಿಸಿಲಿನ ವಾಕಿಂಗ್ ಆಗುತ್ತಿತ್ತು.

ಕಾನ್ಹೇರಿಗೂ ಹೋದೆವು. ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಅಲ್ಲಿಯ 9ನೇ ಶತಮಾನದ ಶಾಸನಗಳಲ್ಲಿ ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಹೆಸರಿದೆ. ಮಳಖೇಡದ ರಾಜ ಬೊರಿವಲಿಯಲ್ಲಿ! ಹುಡುಗಿಗೆ ಹೇಳಿದೆ, ಅವಳ ಗಮನವೆಲ್ಲ ಕೋತಿಗಳ ಮೇಲಿತ್ತು.

ಎರಡನೆಯದು ಮಹಾರಾಷ್ಟ್ರ ನೇಚರ್ ಪಾರ್ಕ್. ಧಾರಾವಿಯ ಪಕ್ಕ, ಮಿಠಿ ನದಿಯ ದಡದಲ್ಲಿದೆ. ಬರೀ 37 ಎಕರೆ. ಬೊರಿವಲಿಯ ಮುಂದೆ ಇದು ಅಂಗೈಯಷ್ಟು. ಆದರೆ ಇಲ್ಲಿಯ ಕಥೆ ಬೇರೆ. ಇದು ಊರಿನ ಕಸ ಸುರಿಯುತ್ತಿದ್ದ ಜಾಗ. ಅದರ ಮೇಲೆ ಮಣ್ಣು ಹಾಕಿ, ಗಿಡ ನೆಟ್ಟು, 1994ರಲ್ಲಿ ಜನರಿಗೆ ತೆರೆದರು. ಈಗ ಒಳಗೆ ನಿಂತರೆ ಹೊರಗಿನ ರಸ್ತೆಯ ಹಾರ್ನ್ ಕೇಳುತ್ತದೆ, ರಸ್ತೆ ಮಾತ್ರ ಕಾಣುವುದಿಲ್ಲ.

ಇಲ್ಲಿಯ ಕೇಂದ್ರ ಪಾಠ ಹೇಳಲೆಂದೇ ಕಟ್ಟಿದ ಕಟ್ಟಡ. ಮಳೆನೀರು ಹಿಡಿಯುವ ವ್ಯವಸ್ಥೆಯೂ ಇದೆ. ಚಿರತೆಯಂಥ ತಾರೆ ಯಾರೂ ಇಲ್ಲ. ಚಿಟ್ಟೆ, ಹಕ್ಕಿ, ಗಿಡಮೂಲಿಕೆ, ಅಷ್ಟೇ. ಹುಡುಗಿಗೆ ಬೇಜಾರಾಗಬಹುದು ಅಂದುಕೊಂಡೆ. ಕಾಲಡಿ ಕಸದ ಗುಡ್ಡ ಇದೆ ಅಂದಿದ್ದೇ ತಡ, ಪ್ರಶ್ನೆ ಶುರು. ಪ್ಲಾಸ್ಟಿಕ್ ಈಗಲೂ ಇದೆಯಾ? ಬೇರು ಅದರೊಳಗೆ ಹೋಗುತ್ತಾ? ವಾಸನೆ ಎಲ್ಲಿ ಹೋಯಿತು? ಅರ್ಧಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೊರಿವಲಿಯಲ್ಲಿ ಅವಳು ನೋಡಿದ್ದು ಜಾಸ್ತಿ, ಇಲ್ಲಿ ಕೇಳಿದ್ದು ಜಾಸ್ತಿ.

ಮೂರನೆಯದೂ ಒಂದಿದೆ. ಗೋರೆಗಾಂವ್ ಫಿಲ್ಮ್ ಸಿಟಿ ಹತ್ತಿರ, ನ್ಯಾಷನಲ್ ಪಾರ್ಕಿಗೆ ಅಂಟಿಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕೇಂದ್ರ. ಅಲ್ಲಿಗೆ ಕಾರ್ಯಕ್ರಮ ನೋಡಿಕೊಂಡು, ಮೊದಲೇ ಹೇಳಿ ಹೋಗುವುದು ಒಳ್ಳೆಯದು. ನಮಗೆ ರಜೆ ಉಳಿದಿರಲಿಲ್ಲ.

ಇಡೀ ದಿನ ಇದೆ, ಕಾಲು ಗಟ್ಟಿ ಇದೆ ಅಂದರೆ ಬೊರಿವಲಿ. ಬೆಳಿಗ್ಗೆ ಬೇಗ ಹೋಗಿ, ಕೇಂದ್ರ ನೋಡಿಯೇ ಕಾಡಿಗೆ ಇಳಿಯಿರಿ. ಎರಡು ಗಂಟೆ ಮಾತ್ರ ಇದೆ, ಜೊತೆಗೆ ಪ್ರಶ್ನೆ ಕೇಳುವ ಮಗು ಇದೆ ಅಂದರೆ ನನ್ನ ಓಟು ಧಾರಾವಿ ಪಕ್ಕದ ಪಾರ್ಕಿಗೆ. ಅಲ್ಲಿ ಮೊದಲು ಸುತ್ತು ಹೊಡೆದು ಆಮೇಲೆ ಕೇಂದ್ರಕ್ಕೆ ಬನ್ನಿ. ಸೊಳ್ಳೆ ಮಾತ್ರ ಬೊರಿವಲಿಗಿಂತ ಜಾಸ್ತಿ, ಓಡೋಮಸ್ ಹಚ್ಚಿಕೊಂಡೇ ಹೋಗಿ.